ತೇಪೆ ಹಾಕಿದ ನೀರು

ಸರೋವರ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳ ಸೊಂಟದಲ್ಲಿ ಬೀಗದಕೈ ಗೊಂಚಲೇನೂ ತೂಗುತ್ತಿರಲಿಲ್ಲ. ನೀರಿನ ಮಟ್ಟವನ್ನು ಲೆಕ್ಕ ಹಾಕುವ ತಂತ್ರಾಂಶವೊಂದನ್ನು ಅವಳು ನೋಡಿಕೊಳ್ಳುತ್ತಿದ್ದಳು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ, ಬಿಚ್ಚಿ ನೋಡಿ ತಿದ್ದಬಹುದಾದ ತಂತ್ರಾಂಶ. ಅದು ಒಂಟಿಯಾಗಿ ನಿಲ್ಲುವಂಥದ್ದಲ್ಲ. ನಕ್ಷೆ ಬಿಡಿಸಲು ಒಬ್ಬರು ಬರೆದ ಪ್ಯಾಕೇಜು ಬೇಕು, ದಿನಾಂಕ ಓದಲು ಇನ್ನೊಬ್ಬರದು, ಆ ಇನ್ನೊಬ್ಬರದಕ್ಕೆ ಮತ್ತೊಬ್ಬರದು. ಹೀಗೆ ಮುಖ ಕಾಣದವರ ಹೆಗಲ ಮೇಲೆ ಹೆಗಲಿಟ್ಟು ನಿಂತಿತ್ತು ಅದು. ಯಾವ ಪ್ಯಾಕೇಜಿನ ಯಾವ ಆವೃತ್ತಿ ಬೇಕೆಂದು ಬರೆದು ಬಿಗಿ ಮಾಡಿಡುವ ಕಡತಕ್ಕೆ ಲಾಕ್ ಫೈಲ್ ಎನ್ನುತ್ತಾರೆ. ಅದನ್ನು ಬೇರೆಯವರು ಮುಟ್ಟಿದರೆ ಅವಳಿಗೆ ಮೈಯೆಲ್ಲ ಉರಿ. ಹೆಸರು ಬಂದದ್ದು ಅಲ್ಲಿಂದ.

ಅವಳ ಬೆನ್ನಿಗೆ ಹುಟ್ಟಿದ ತಮ್ಮ ಅದೇ ಕೇಂದ್ರದ ದೋಣಿ ನಡೆಸುತ್ತಿದ್ದ. ದಡದುದ್ದಕ್ಕೂ ನೆಟ್ಟಿದ್ದ ಮಾಪಕಗಳನ್ನು ಒರೆಸುವುದು, ಬ್ಯಾಟರಿ ಬದಲಿಸುವುದು ಅವನ ಕೆಲಸ. ಅಕ್ಕ ಒಣಗಿಕೊಂಡು ನೀರು ಅಳೆಯುತ್ತಾಳೆ, ತಾನು ನೆನೆದುಕೊಂಡು ಅಳೆಯುತ್ತೇನೆ ಎಂದು ಅವನು ಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದ.

ಚಳಿಗಾಲದಲ್ಲಿ ಬಡಗಣ ದಡದ ಬಂಡೆಗೋಡೆಯ ಬುಡದಲ್ಲಿದ್ದ ಮಾಪಕ ಸುದ್ದಿ ಕಳಿಸುವುದನ್ನು ನಿಲ್ಲಿಸಿತು. ಅದರ ಸಾಲುಗಳು ಖಾಲಿ ಬಿದ್ದವು. ಖಾಲಿ ಜಾಗ ತುಂಬಲೆಂದೇ ತಂತ್ರಾಂಶದಲ್ಲಿ ‘ತೇಪೆ’ ಎಂಬ ಪುಟ್ಟ ಪ್ಯಾಕೇಜು ಇತ್ತು. ಅಕ್ಕಪಕ್ಕದ ಮಾಪಕಗಳನ್ನು ನೋಡಿ, ಸರಾಸರಿ ತೆಗೆದು, ಹರಿದಲ್ಲಿ ಬಟ್ಟೆ ಹೊಲಿದಂತೆ ಹೊಲಿಯುವುದು ಅದರ ಕೆಲಸ. ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

ಚಳಿ ಇಳಿದ ಮೇಲೆ ತಮ್ಮ ಆ ಮಾಪಕವನ್ನು ಕಿತ್ತು ತಂದು ಅವಳ ಮೇಜಿನ ಮೇಲಿಟ್ಟ. ಕೆಟ್ಟಿದ್ದು ಬರೀ ಆಂಟೆನಾ. ಒಳಗಿನ ಮೆಮೊರಿ ಕಾರ್ಡಿನಲ್ಲಿ ಇಡೀ ಚಳಿಗಾಲದ ಅಳತೆ ಹಾಗೇ ಕೂತಿತ್ತು. ತೇಪೆಯ ಊಹೆ ಎಷ್ಟು ತಪ್ಪಿದೆ ನೋಡೋಣವೆಂದು ಅವಳು ಎರಡನ್ನೂ ಒಂದರ ಮೇಲೊಂದು ಬಿಡಿಸಿದಳು. ಪರದೆಯ ಮೇಲೆ ಒಂದೇ ಗೆರೆ ಕಂಡಿತು. ಎರಡನೆಯದು ಬಂದಿಲ್ಲವೇನೋ ಎಂದು ಮತ್ತೆ ಬಿಡಿಸಿದಳು. ಬಂದಿತ್ತು. ಕೊನೆಯ ಅಂಕಿಯವರೆಗೂ ಎರಡೂ ಒಂದೇ.

“ಇಲ್ಲೇನೋ ನಡುಗಿದ ಹಾಗಿದೆಯಲ್ಲ,” ಎಂದು ತಮ್ಮ ಗೆರೆಯ ಒಂದು ಸಣ್ಣ ಗಂಟಿನ ಮೇಲೆ ಬೆರಳಿಟ್ಟ. ದಿನಾಂಕ ನೋಡಿ ನಕ್ಕ. “ಅಯ್ಯೋ, ಇದು ನಾನೇ ಅಕ್ಕ! ಅವತ್ತು ದೋಣಿ ಕಟ್ಟೋವಾಗ ಕಾಲು ಜಾರಿ ಮಾಪಕಕ್ಕೆ ಒದ್ದಿದ್ದೆ. ಮೊಣಕಾಲು ಕಿತ್ತುಹೋಗಿತ್ತು. ಬೈತೀಯ ಅಂತ ಹೇಳಿರ್ಲಿಲ್ಲ.”

ಅವಳು ನಗಲಿಲ್ಲ. ಅವನು ಬೆರಳಿಟ್ಟ ಗಂಟು ಕಾರ್ಡಿನ ಗೆರೆಯಲ್ಲಷ್ಟೇ ಇರಲಿಲ್ಲ. ತೇಪೆ ತುಂಬಿದ ಗೆರೆಯಲ್ಲೂ ಇತ್ತು. ಅವನು ಒದ್ದದ್ದನ್ನು ಅಕ್ಕಪಕ್ಕದ ಯಾವ ಮಾಪಕವೂ ಕಂಡಿರಲಿಲ್ಲ.

ತೇಪೆಯ ಒಳಗನ್ನು ಬಿಚ್ಚಿ ಓದಿದಳು. ಒಂದು ಪುಟವೂ ಇರಲಿಲ್ಲ. ಕೂಡು, ಭಾಗಿಸು, ಬರೆ, ಅಷ್ಟೇ. ಹಾಗೆ ನೋಡಿದರೆ ಅದು ಇಸ್ತ್ರಿ ಮಾಡಿದ ಬಟ್ಟೆಯಂಥ ನುಣುಪು ಗೆರೆಯನ್ನು ಕೊಡಬೇಕಿತ್ತು. ಬರೆದವನಿಗೆ ಪತ್ರ ಹಾಕಿದಳು. ಸಂಜೆಯೊಳಗೆ ಉತ್ತರ ಬಂತು: “ತೆಗೆದುಬಿಡಿ. ನಾನು ತೆಗೆದಿದ್ದೇನೆ.” ಒಮ್ಮೆ ಭೇಟಿಯಾಗಬಹುದೇ ಎಂದು ಕೇಳಿದಾಗ ಅವನು ಅದೇ ನಗರದ ಇನ್ನೊಂದು ಅಂಚಿನ ವಿಳಾಸ ಕೊಟ್ಟ.

ಅವನು ಬಾವಲಿಗಳ ಮೇಲೆ ಕೆಲಸ ಮಾಡಿ ನಿವೃತ್ತನಾದ ವಿಜ್ಞಾನಿ. ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಗೋಡೆಯ ಮೇಲೆ ಗಡಿಯಾರವಾಗಲಿ ಕ್ಯಾಲೆಂಡರಾಗಲಿ ಇರಲಿಲ್ಲ.

“ಕೂತ್ಕೊಳ್ಳಿ ಅಮ್ಮ. ನಿಮಗೆ ಏನು ತುಂಬಿಕೊಡ್ತು ಅದು?”

ಅವಳು ತಮ್ಮನ ಒದೆತದ ಕತೆ ಹೇಳಿದಳು. ಮುದುಕ ತಲೆದೂಗಿದ.

“ನಾನೂ ನನ್ನ ಗೆಳೆಯನೂ ಪಾಳುಬಿದ್ದ ರೈಲು ಸುರಂಗದಲ್ಲಿ ಬಾವಲಿ ಎಣಿಸ್ತಿದ್ವಿ. ಮೈಕು ಕೆಟ್ಟ ದಿನಗಳಿಗೆ ಅಂತ ತೇಪೆ ಬರೆದೆ. ಒಂದ್ಸಲ ಅದು ಮುಂದಿನ ವಾರದ ಖಾಲಿ ಸಾಲನ್ನೂ ತುಂಬಿಬಿಡ್ತು. ಬುಧವಾರದಿಂದಾಚೆ ಬರೀ ಸೊನ್ನೆ. ಲೆಕ್ಕ ತಪ್ಪಿದೆ ಅಂತ ನಾನು ನಕ್ಕೆ. ಅವನು ನಗಲಿಲ್ಲ. ಬಾವಲಿಗೆ ಏನಾಗಿದೆ ನೋಡ್ಕೊಂಡು ಬರ್ತೀನಿ ಅಂತ ಮಂಗಳವಾರ ಹೋದ. ಸುರಂಗ ಕುಸೀತು.”

“ಅಂದ್ರೆ ಅದಕ್ಕೆ ಮೊದಲೇ ಗೊತ್ತಿತ್ತು ಅಂತೀರಾ?”

“ಗೊತ್ತಿದ್ರೆ ಎಷ್ಟೋ ವಾಸಿ ಅಮ್ಮ,” ಎಂದ ಮುದುಕ. “ನನಗೆ ಹಾಗನ್ಸೋದಿಲ್ಲ. ಅದು ತುಂಬಿದ ಮೇಲೆ ಹಾಗೇ ಆಗ್ಬೇಕಾಯ್ತು ಅನ್ಸುತ್ತೆ. ಖಾಲಿ ಬಿಟ್ಟಿದ್ರೆ ಏನು ಬೇಕಾದ್ರೂ ಆಗ್ಬಹುದಿತ್ತು.”

ಪ್ಯಾಕೇಜುಗಳನ್ನು ಇಡುವ ಉಗ್ರಾಣದವರಿಗೆ ಅದನ್ನು ಅಳಿಸಿಹಾಕಿ ಎಂದು ಅವನು ಬರೆದಿದ್ದನಂತೆ. ಇಷ್ಟೊಂದು ಜನ ಅದನ್ನು ನಂಬಿಕೊಂಡಿದ್ದಾರೆ, ಈಗ ಅಳಿಸಿದರೆ ಎಲ್ಲರದ್ದೂ ಮುರಿದುಬೀಳುತ್ತದೆ ಎಂದು ಅವರು ಒಪ್ಪಲಿಲ್ಲವಂತೆ.

ಮರುದಿನವೇ ಅವಳು ತೇಪೆಯನ್ನು ಕಿತ್ತುಹಾಕಿದಳು. ಹೊಸ ಲಾಕ್ ಫೈಲ್ ಮಾಡಿ, ಖಾಲಿ ಯಂತ್ರದಲ್ಲಿ ಎಲ್ಲವನ್ನೂ ಮೊದಲಿಂದ ಹಾಕಿ ನೋಡಿದರೆ ತೇಪೆ ಅಲ್ಲೇ ಇತ್ತು. ನಕ್ಷೆ ಬಿಡಿಸುವ ಪ್ಯಾಕೇಜಿನ ಹೊಸ ಆವೃತ್ತಿಗೆ ಅದು ಬೇಕಾಗಿತ್ತು. ಆ ತಂಡದವರಿಗೆ ಬರೆದಳು. ಒಳ್ಳೆಯ ಜನ, ಮರುಮಾತಿಲ್ಲದೆ ತೆಗೆದರು. ಮತ್ತೆ ಹಾಕಿ ನೋಡಿದಳು. ಈಗ ದಿನಾಂಕ ಓದುವ ಪ್ಯಾಕೇಜಿನ ಜೊತೆ ಬಂದಿತ್ತು. ಬಾಗಿಲಲ್ಲಿ ಅಟ್ಟಿದ ಬೆಕ್ಕು ಕಿಟಕಿಯಲ್ಲಿ ಬಂದಂತೆ. ದಿನಾಂಕ ಓದುವುದಕ್ಕೂ ನೀರು ತುಂಬುವುದಕ್ಕೂ ಎತ್ತಣಿಂದೆತ್ತ ಸಂಬಂಧ? ಯಾರು ಸೇರಿಸಿದ್ದೆಂದು ಕೇಳಿದರೆ ಆ ತಂಡದಲ್ಲಿ ಯಾರಿಗೂ ನೆನಪಿರಲಿಲ್ಲ.

ಹೀಗೆ ಪರೀಕ್ಷೆ ಮಾಡುತ್ತಿದ್ದಾಗಲೇ ಅವಳ ಕಣ್ಣು ತಿಂಗಳ ಕಡತದ ಕೊನೆಗೆ ಹೋಯಿತು. ಪ್ರತಿ ತಿಂಗಳ ಸಾಲುಗಳನ್ನು ಮೊದಲೇ ಖಾಲಿ ಬರೆದಿಡುವುದು ರೂಢಿ. ಬಡಗಣ ದಡದ ಸಾಲುಗಳು, ಇನ್ನೂ ಬಾರದ ದಿನಗಳವರೆಗೂ, ತುಂಬಿಹೋಗಿದ್ದವು. ಗುರುವಾರ ಮಧ್ಯಾಹ್ನದವರೆಗೆ ನೀರು ಎಂದಿನಂತೆ. ಆಮೇಲೆ ಒಮ್ಮೆಲೇ ಮೂರಾಳೆತ್ತರ. ಅದಾದ ಮೇಲೆ ನಿಧಾನವಾಗಿ ತೂಗುತ್ತಾ, ಇಳಿಯುತ್ತಾ, ಮತ್ತೆ ಎಂದಿನಂತೆ.

ಗುರುವಾರ ಅಲ್ಲಿಗೆ ಹೊಸ ಮಾಪಕ ನೆಡಲು ಹೋಗಬೇಕಾಗಿದ್ದವನು ತಮ್ಮ.

ಅವನು ದೋಣಿಮನೆಯಲ್ಲಿ ಹಗ್ಗ ಸುತ್ತುತ್ತಿದ್ದ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಕೈ ನಿಲ್ಲಿಸದೆ ಕೇಳಿದ.

“ಅಕ್ಕ, ಹೋಗದಿದ್ರೆ ಕೇಂದ್ರದ ಮೇಡಂ ನನ್ನ ಚರ್ಮ ಸುಲೀತಾರೆ.”

“ಸುಲೀಲಿ. ಚರ್ಮ ಇದ್ರೆ ತಾನೇ ಸುಲಿಯೋದು?”

“ನಿನ್ನ ಪ್ಯಾಕೇಜು ಹೇಳ್ತು ಅಂತ ನಾನು ಮನೇಲಿ ಕೂತ್ಕೋಬೇಕಾ?”

“ಪ್ಯಾಕೇಜು ಹೇಳ್ತು ಅಂತ ಬೇಡ ಕಣೋ. ನಾನು ಹೇಳ್ತಿದೀನಿ.”

ಅವನು ತಲೆಯೆತ್ತಿ ಅವಳ ಮುಖ ನೋಡಿದ. ಆಮೇಲೆ ಎಂಜಿನಿನ ಪ್ಲಗ್ ಬಿಚ್ಚಿ ಜೇಬಿಗೆ ಹಾಕಿಕೊಂಡು, “ಸರಿ ಬಿಡು, ಎಂಜಿನ್‌ಗೆ ಜ್ವರ ಬಂದಿದೆ ಅಂತೀನಿ,” ಎಂದ.

ಗುರುವಾರ ಬಿಸಿಲು ಚೆನ್ನಾಗಿತ್ತು. ನೀರು ಕನ್ನಡಿಯಂತೆ ಮಲಗಿತ್ತು. ಮಧ್ಯಾಹ್ನ ಇಬ್ಬರೂ ಕೇಂದ್ರದ ಮಹಡಿಯ ವರಾಂಡದಲ್ಲಿ ನಿಂತಿದ್ದರು. ಇಂಥ ದಿನವೇ ಸುಳ್ಳು ಹೇಳಬೇಕಾಯಿತಲ್ಲ ಎಂದು ತಮ್ಮ ಗೊಣಗುತ್ತಿದ್ದ. ಆಗ ಆಚೆ ದಡದ ಬಂಡೆಗೋಡೆಯ ಒಂದು ಭಾಗ, ದಣಿದವರು ಕೂರುವ ಹಾಗೆ, ಸದ್ದಿಲ್ಲದೆ ಕೆಳಗೆ ಕೂತಿತು. ಸದ್ದು ಆಮೇಲೆ ಬಂತು. ಅದರ ಹಿಂದೆ ನೀರು ಬಂತು. ಕಟ್ಟೆ ಮುಳುಗಿತು, ದೋಣಿಮನೆಯ ಬಾಗಿಲು ಕಿತ್ತು ತೇಲಿತು, ದೋಣಿ ಅಂಗಳದಲ್ಲಿ ಬಂದು ಕವುಚಿ ಬಿತ್ತು. ದಡದಲ್ಲಿ ಯಾರೂ ಇರಲಿಲ್ಲ; ಯಾರಿಗೂ ಏನೂ ಆಗಲಿಲ್ಲ. ತಮ್ಮ ಕಂಬವನ್ನು ತಬ್ಬಿ ಹಿಡಿದುಕೊಂಡ.

ಅಳತೆಗಾರರು ಹೋಗಿ ಬಂಡೆಯ ಮೇಲೆ ನೀರು ಬಿಟ್ಟ ಗೆರೆಯನ್ನು ಅಳೆದರು. ಅವರು ತಂದ ಅಂಕಿಯನ್ನು ಅವಳು ತೆರೆದು ನೋಡುವ ಅಗತ್ಯವೇ ಇರಲಿಲ್ಲ. ಆದರೂ ನೋಡಿದಳು. ಅದೇ ಇತ್ತು.

ಕೇಂದ್ರದ ಮುಖ್ಯಸ್ಥೆ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅದನ್ನ ತೆಗೀಬೇಡಿ. ಮುಂದಿನ ತಿಂಗಳ ಖಾಲಿ ಕಡತ ಕೊಟ್ಟು ಓಡಿಸಿ. ಎಲ್ಲಾ ಮಾಪಕಕ್ಕೂ. ನಿಮ್ಮ ತಮ್ಮನ ಜೀವ ಉಳಿಸಿದೆ ಅದು.”

“ಮೇಡಂ, ಆ ಸಾಲು ಖಾಲಿ ಇದ್ದಿದ್ರೆ ಬಂಡೆ ಬೀಳ್ತಿತ್ತು ಅಂತ ನಿಮಗೆ ಗೊತ್ತಾ?”

“ಬಂಡೆ ಬೀಳೋದು ಬಂಡೆಯ ಕೆಲಸ. ಪ್ಯಾಕೇಜಿನದ್ದಲ್ಲ.”

“ಹಾಗೇ ಇರ್ಲಿ ಅಂತ ನನಗೂ ಆಸೆ,” ಎಂದಳು ಬೀಗದಕ್ಕ. “ನನ್ನ ಕೈಯಿಂದ ಮಾತ್ರ ಅದನ್ನ ಓಡಿಸೋಕಾಗಲ್ಲ.”

ದಿನಾಂಕ ಓದುವ ಪ್ಯಾಕೇಜನ್ನೇ ಕೈಬಿಟ್ಟು, ಆ ಕೆಲಸವನ್ನು ತಾನೇ ಬರೆದಳು. ಕಣ್ಣು ಉರಿಯುವಷ್ಟು ಬರೆದಳು. ಕೊನೆಗೆ ಖಾಲಿ ಯಂತ್ರದಲ್ಲಿ ಹಾಕಿ, ಯಾವುದು ಯಾವುದನ್ನು ಎಳೆದುತರುತ್ತದೆಂದು ಬೇರಿನವರೆಗೂ ಹುಡುಕಿದಳು. ತೇಪೆ ಎಲ್ಲೂ ಇರಲಿಲ್ಲ. ಖಾಲಿ ಸಾಲುಗಳು ಖಾಲಿಯಾಗಿಯೇ ಉಳಿದವು. ಅವುಗಳನ್ನು ನೋಡಿ ಅವಳಿಗೆ ಎಷ್ಟೋ ದಿನಗಳ ಮೇಲೆ ಹೊಟ್ಟೆಗೆ ಅನ್ನ ಸೇರಿತು. ಬಳಕೆದಾರರು ಕೆಲವರು ಗೊಣಗಿದರು. ಹೊಸ ಆವೃತ್ತಿ ಮೊದಲಿನಂತೆ ಖಾಲಿ ಜಾಗ ತುಂಬುವುದಿಲ್ಲ ಎಂದರು. ಹೌದು, ತುಂಬುವುದಿಲ್ಲ ಎಂದು ಅವಳು ಸಂತೋಷದಿಂದ ಒಪ್ಪಿಕೊಂಡಳು.

ಆ ವಾರವೇ ಉಗ್ರಾಣದ ಪ್ರಕಟಣೆಯೊಂದು ಬಂತು. ತೇಪೆಯನ್ನು ಇನ್ನು ಮುಂದೆ ಹೊಸ ತಂಡವೊಂದು ನೋಡಿಕೊಳ್ಳಲಿದೆ. ಆಸ್ಪತ್ರೆಯ ಹಾಸಿಗೆಗಳ ಪಕ್ಕದಲ್ಲಿ ರೋಗಿಗಳ ಉಸಿರು, ನಾಡಿ ಗಮನಿಸುವ ತಂತ್ರಾಂಶ ಬರೆಯುವವರು. ತಂತಿ ಕಳಚಿದಾಗ ಬೀಳುವ ಖಾಲಿ ಜಾಗಗಳನ್ನು ತುಂಬಲು ಅವರಿಗೆ ಅದು ಬೇಕಿತ್ತು.

ಅವಳು ಉದ್ದದ ಪತ್ರ ಬರೆದಳು. ಒದೆತ, ಸುರಂಗ, ಬಂಡೆ, ಏನನ್ನೂ ಬಿಡಲಿಲ್ಲ. ಉತ್ತರ ಬಹಳ ವಿನಯದಿಂದ ಬಂತು: “ನಿಮ್ಮ ಕಾಳಜಿಗೆ ಧನ್ಯವಾದಗಳು. ನಾವು ಆಗಲೇ ಓಡಿಸಿ ಪರೀಕ್ಷಿಸಿದ್ದೇವೆ. ಇಲ್ಲಿಯವರೆಗೆ ಒಂದೂ ತಪ್ಪಿಲ್ಲ.”

ಅದನ್ನು ಮುದುಕನಿಗೆ ಫೋನಿನಲ್ಲಿ ಓದಿ ಹೇಳಿದಳು. ಅವನ ತೆರೆದ ಕಿಟಕಿಗಳ ಆಚೆ ಬೀದಿಯಲ್ಲಿ ಹೋಗುವ ಗಾಡಿಗಳ ಸದ್ದು ಅವಳಿಗೆ ಕೇಳುತ್ತಿತ್ತು.

“ಯಾವ ಆಸ್ಪತ್ರೆ ಅಂತೆ ಅಮ್ಮ?” ಎಂದ ಅವನು.

ಅವಳು ಪತ್ರವನ್ನು ಮೇಲಿಂದ ಕೆಳಗೆ ನೋಡಿದಳು. ಅದನ್ನು ಅವರು ಬರೆದಿರಲಿಲ್ಲ.