ಎರಡನೆಯ ಬೀಗ

ಕೋಟಿನ ಒಳಹೊಲಿಗೆ ಬಿಚ್ಚುತ್ತಿದ್ದ ದರ್ಜಿಯ ಕೈಯಿಂದ ಕತ್ತರಿ ಜಾರಿತು. ನಡುಮನೆಯಲ್ಲಿ ಹೆಂಡತಿಯ ಹೆಣ, ಒಳಗಿನ ಕೋಣೆಯಲ್ಲಿ ಅವನು ಮತ್ತು ಅವಳ ಕೋಟು. ಬಾಗಿಲಲ್ಲಿ ಅವಳ ಲ್ಯಾಬಿನ ಹಿರಿಯ ವಿಜ್ಞಾನಿ ಬಂದು ನಿಂತ. ಅವಳು ಬಾಯಿ ತುಂಬಾ ಅಣ್ಣ ಎಂದು ಕರೆಯುತ್ತಿದ್ದ ಮನುಷ್ಯ.

"ಕೀ ಸಿಕ್ತಾ ಭಾವ? ನನಗೆ ಕೊಟ್ಬಿಡಿ. ನಿರ್ದೇಶಕರೇ ಇಸ್ಕೊಂಡು ಬಾ ಅಂದಿದ್ದಾರೆ."

"ಇನ್ನೂ ಇಲ್ಲ," ಎಂದ ದರ್ಜಿ. ಬೀಗದ ಕೈ ಆಗಲೇ ಅವನ ಮುಷ್ಟಿಯಲ್ಲಿತ್ತು. ಸುಳ್ಳು ಯಾಕೆ ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ.

ಹೊರಗೆ ನೆರೆಯವರ ಪಿಸುಮಾತು ನಡೆದಿತ್ತು.

"ಪಾಪ, ಅನುಮಾನದಮ್ಮ! ಹಾಲನ್ನೂ ಮೂಸಿ ನೋಡ್ದೆ ತಗೊಳ್ತಿರ್ಲಿಲ್ಲ."

"ಯಮನ ಹತ್ರಾನೂ ಗುರುತಿನ ಚೀಟಿ ಕೇಳಿರ್ತಾಳೆ ಬಿಡು."

ದರ್ಜಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

*

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಬೀಗದ ಕೈ ಇಡಲು ಕೋಟಿನೊಳಗೆ ಅವನಿಂದಲೇ ಒಂದು ಗುಟ್ಟಿನ ಜೇಬು ಹೊಲಿಸಿಕೊಂಡಿದ್ದಳು. ಲ್ಯಾಬಿನಲ್ಲಿ ಔಷಧಿ ಹುಡುಕಲೆಂದು ಸಾಕಿದ ರೋಗಾಣುಗಳ ಪೆಟ್ಟಿಗೆಯಿತ್ತು. ಕೆಟ್ಟವರ ಪಾಲಾದರೆ ಊರಿಗೆ ಊರೇ ಮಲಗುವಂಥದ್ದು. ಅದಕ್ಕೆ ಎರಡು ಬೀಗ. ಒಂದನ್ನು ಈ ಹಿರಿಯ ವಿಜ್ಞಾನಿ ತೆಗೆಯಬೇಕು, ಇನ್ನೊಂದನ್ನು ಕಾವಲಿಗಿದ್ದ ಇವಳು.

"ಅಣ್ಣ ಅಂತೀಯ, ಅವನನ್ನೂ ನಂಬಲ್ವಾ?" ಎಂದಿದ್ದ ದರ್ಜಿ.

"ನಂಬಿಕೆ ಬೇರೆ, ಬೀಗ ಬೇರೆ ಕಣ್ರೀ. ಎರಡೂ ಕೀ ಒಬ್ಬರ ಹತ್ರ ಇರಬಾರದು, ಅಷ್ಟೇ."

"ನನ್ನನ್ನ?"

ಅವಳು ಜೇಬಿನ ಹೊಲಿಗೆಯನ್ನು ಎಳೆದೆಳೆದು ನೋಡಿದ್ದಳು. ಅದು ಅವನನ್ನು ಬಹಳ ಕಾಲ ಚುಚ್ಚಿತ್ತು.

*

"ಕೊಟ್ಟು ಕಳಿಸೋ," ಎಂದಳು ದರ್ಜಿಯ ಅಕ್ಕ ಒಳಗೆ ಬಂದು. "ಸಾವಿನ ಮನೇಲಿ ಏನಿದು ರಗಳೆ?"

ದರ್ಜಿ ಎದ್ದು ನಿಂತ. "ಕೀ ಸಿಕ್ಕಿದೆ. ನಿರ್ದೇಶಕರು ಮಣ್ಣಿಗೆ ಬರ್ತಾರಲ್ಲ, ಎಲ್ಲರೆದುರಿಗೆ ಅವರಿಗೇ ಕೊಡ್ತೀನಿ."

ವಿಜ್ಞಾನಿಯ ಕಣ್ಣು ತುಂಬಿತು. "ನನ್ನ ಮೇಲೂ ಅನುಮಾನಾನಾ ಭಾವ? ಈ ಮನೇಲಿ ಉಂಡವನು ನಾನು."

ಅವಳಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂತವನು ಇವನೇ.

"ತಪ್ಪಾಗಿದ್ರೆ ನಿಮ್ಮ ಕಾಲು ಹಿಡೀತೀನಿ. ಇವತ್ತೊಂದು ದಿನ ಅವಳ ಕೆಲಸ ನಾನು ಮಾಡ್ತೀನಿ."

ನಿರ್ದೇಶಕರು ಬಂದರು. ಬೀಗದ ಕೈ ಇಸಿದುಕೊಂಡು ಹುಬ್ಬು ಗಂಟಿಕ್ಕಿದರು. "ನಾನು ಯಾರನ್ನೂ ಕಳಿಸಿರಲಿಲ್ಲವಲ್ಲ?"

ದರ್ಜಿ ಸುತ್ತ ನೋಡಿದ.

ಹೆಣ ಎತ್ತುವ ಹೊತ್ತಾಗಿತ್ತು. ಹೆಗಲು ಕೊಡಲು ಗೊತ್ತುಮಾಡಿದ್ದ ನಾಲ್ವರಲ್ಲಿ ಮೂವರು ಶವಪೆಟ್ಟಿಗೆಯ ಸುತ್ತ ನಿಂತಿದ್ದರು. ಮುಂದಿನ ಎಡ ಮೂಲೆ, ಅಣ್ಣನದು, ಖಾಲಿಯಿತ್ತು. ಬಾಗಿಲ ಬಳಿ ಅವನ ಚಪ್ಪಲಿಯೂ ಇರಲಿಲ್ಲ.

ದರ್ಜಿ ಬಗ್ಗಿ ಆ ಮೂಲೆಗೆ ಹೆಗಲು ಕೊಟ್ಟ.