ಗಿಳಿ ಕೂತಿದ್ದ ಶ್ಯಾವಿಗೆ ಒರಳು

ಸಾಗರದ ವಕೀಲರೆಲ್ಲ ಮುಳುಗಡೆ ಪರಿಹಾರದ ಅರ್ಜಿ ಬರೆದೂ ಬರೆದೂ ಬೆರಳು ನೋಯಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಜಟ್ಟಿಂಗಪ್ಪನೊಬ್ಬ ಮಾತ್ರ ತನ್ನ ಕೋಣೆಯ ಬಾಗಿಲ ಮೇಲೆ ‘ಪೇಟೆಂಟ್ ವಕೀಲರು’ ಎಂದು ಬೋರ್ಡು ಹಾಕಿಸಿಕೊಂಡು ಕೂತ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತು ಊರೂರೇ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದವು, ಕೇಸುಗಳಿಗೇನೂ ಬರವಿರಲಿಲ್ಲ. ಇವನಿಗೆ ಅದು ಬೇಡ. ಬೆಳಗಾವಿಯಲ್ಲಿ ಲಾ ಓದುವಾಗ ಒಂದು ಮಧ್ಯಾಹ್ನ ಮೇಷ್ಟ್ರೊಬ್ಬರು, ಹೊಲಿಗೆ ಯಂತ್ರದ ಸೂಜಿಗೆ ಕಣ್ಣು ಬುಡದಲ್ಲಿರಬೇಕೋ ತುದಿಯಲ್ಲಿರಬೇಕೋ ಎಂಬುದರ ಮೇಲೆ ಹೊರದೇಶದ ವಕೀಲರು ವರ್ಷಗಟ್ಟಲೆ ಕಿತ್ತಾಡಿದ ಕಥೆ ಹೇಳಿದ್ದರು. ಉಳಿದ ಹುಡುಗರು ತೂಕಡಿಸುತ್ತಿದ್ದರು. ಜಟ್ಟಿಂಗಪ್ಪನಿಗೆ ಮಾತ್ರ ಆ ಸೂಜಿ ನೇರ ಎದೆಗೇ ಚುಚ್ಚಿತು. ಆಗುವುದಾದರೆ ಪೇಟೆಂಟ್ ವಕೀಲನೇ ಆಗಬೇಕು, ಇಲ್ಲದಿದ್ದರೆ ಬದುಕಿದ್ದೂ ದಂಡ ಎಂದು ಅವತ್ತೇ ತೀರ್ಮಾನಿಸಿಬಿಟ್ಟ.

ಬೋರ್ಡು ನೋಡಿ ಮೊದಮೊದಲು ಬಂದವರು ಕೆಮ್ಮಿನವರು. ಪೇಟೆಂಟ್ ಔಷಧಿ ಸಿಗುತ್ತದೆಂದು ನಂಬಿ ಜಗಲಿಯಲ್ಲಿ ಸಾಲಾಗಿ ಕೂರುತ್ತಿದ್ದರು. ಜಟ್ಟಿಂಗಪ್ಪನ ಹೆಂಡತಿ ಪುಷ್ಪಮ್ಮ ಅವರಿಗೆಲ್ಲ ಕಾಳುಮೆಣಸಿನ ಕಷಾಯ ಕೊಟ್ಟು ಕಳಿಸುತ್ತಿದ್ದಳು. ಪಾಪ, ಒಬ್ಬಿಬ್ಬರಿಗೆ ವಾಸಿಯೂ ಆಗಿ, ವಕೀಲರ ಕೈಗುಣ ಚೆನ್ನಾಗಿದೆಯೆಂಬ ಸುದ್ದಿ ಹಬ್ಬಿತು. ಕೇಸು ಮಾತ್ರ ಒಂದೂ ಬರಲಿಲ್ಲ.

ಇದನ್ನು ಕೇಳಿ ಪುಷ್ಪಮ್ಮನ ಅಪ್ಪ ಬೆಳ್ಳಪ್ಪ ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಬಂದ. ಅವನಿಗೆ ಅಲ್ಲಿ ಮರ ಕೊಯ್ಯುವ ಮಿಲ್ಲು. ಮಾತೂ ಗರಗಸದ್ದೇ.

“ಅಳಿಯಂದ್ರು ಎಂತ ಕೆಲ್ಸ ಮಾಡ್ತಾರೆ ಅಂತ ಜನ ಕೇಳ್ತಾರೆ. ನಾ ಎಂತ ಹೇಳ್ಲಿ?”

“ಪೇಟೆಂಟು, ಮಾವ,” ಎಂದು ಜಟ್ಟಿಂಗಪ್ಪ ಹುರುಪಿನಿಂದ ಶುರು ಮಾಡಿದ. “ಯಾರಾದ್ರೂ ಒಂದು ಹೊಸ ಯಂತ್ರ ಕಂಡುಹಿಡಿದ್ರೆ, ಅದನ್ನ ಬೇರೆಯವ್ರು ಮಾಡಿ ಮಾರ್ದಂಗೆ ಸರ್ಕಾರ ತಡೀತದೆ. ಆದ್ರೆ ಅರ್ಜಿ ಹಾಕೋಕೆ ಮುಂಚೆ ಅದು ಊರೋರ ಕೈಲಿ ಓಡಾಡಿರಬಾರ್ದು. ಓಡಾಡಿದ್ರೆ ಮುಗೀತು, ಅದು ಹೊಸದಲ್ಲ.”

“ಅಂದ್ರೆ ಮಾಡಿದ್ದನ್ನ ಯಾರಿಗೂ ತೋರಿಸ್ದಂಗೆ ಮುಚ್ಚಿಟ್ಕೋಬೇಕು? ಕದ್ದು ಮರ ಕೊಯ್ಯೋ ಕಳ್ಳನಾಟಾ ವ್ಯಾಪಾರ ಆತಲ್ಲ ಮಾರಾಯ್ರೆ ಇದು!” ಎಂದು ಬೆಳ್ಳಪ್ಪ ಹೊಟ್ಟೆ ಕುಲುಕಿಸಿಕೊಂಡು ನಕ್ಕ.

ಆ ನಗು ಇನ್ನೂ ನಿಂತಿರಲಿಲ್ಲ, ಹೊಸನಗರದ ಬಡಗಿ ಕನ್ನಪ್ಪ ಕೈಯಲ್ಲಿ ಕೋರ್ಟಿನ ಸಮನ್ಸು ಹಿಡಿದು ಮೆಟ್ಟಿಲು ಹತ್ತಿದ. ಪುಷ್ಪಮ್ಮ ಕಷಾಯ ತರಲು ಎದ್ದಳು.

“ಕೆಮ್ಮಲ್ಲಕ್ಕಾ, ಕೇಸು,” ಎಂದ ಕನ್ನಪ್ಪ.

ಜಟ್ಟಿಂಗಪ್ಪ ಕುರ್ಚಿಯಿಂದ ಬೀಳುವುದೊಂದು ಬಾಕಿ.

ಕೇಸು ಶ್ಯಾವಿಗೆ ಒರಳಿನದು. ಹಳೆಯ ಒರಳಿನಲ್ಲಿ ಶ್ಯಾವಿಗೆ ಒತ್ತಬೇಕಾದರೆ ಒಬ್ಬರು ಉಂಡೆ ಹಾಕಬೇಕು, ಇನ್ನೊಬ್ಬರು ಉದ್ದನೆಯ ಸನ್ನೆಮರಕ್ಕೆ ಜೋತುಬೀಳಬೇಕು. ಸಾಗರದಲ್ಲೇ ಕಬ್ಬಿಣದ ಕೆಲಸದ ಶೆಡ್ಡು ಇಟ್ಟಿದ್ದ ಮಾಸ್ತಪ್ಪ ಸನ್ನೆಮರ ತೆಗೆದು ತಿರುಪು ಕೂರಿಸಿದ್ದ. ಹೆಂಗಸೊಬ್ಬಳೇ ಹಿಡಿಕೆ ತಿರುಗಿಸಿದರೆ ಸಾಕು, ಎಳೆ ಇಳಿಯುತ್ತಿತ್ತು. ಅದಕ್ಕೆ ಕಲ್ಕತ್ತದ ಆಫೀಸಿನಿಂದ ಪೇಟೆಂಟನ್ನೂ ತರಿಸಿದ್ದ. ಅಂಥದೇ ತಿರುಪಿನ ಒರಳನ್ನು ಕನ್ನಪ್ಪ ಮಾಡಿ ಸಂತೆಯಲ್ಲಿ ಮಾರುತ್ತಿದ್ದಾನೆ, ನಿಲ್ಲಿಸಬೇಕು ಎಂದು ಮಾಸ್ತಪ್ಪ ಶಿವಮೊಗ್ಗದ ಜಿಲ್ಲಾ ಕೋರ್ಟಿಗೆ ಹೋಗಿದ್ದ.

“ನಾ ಕದ್ದಿಲ್ಲ ಸ್ವಾಮಿ,” ಎಂದ ಕನ್ನಪ್ಪ. “ಸಣ್ಣವನಿದ್ದಾಗ ಕೋಣಂದೂರಲ್ಲಿ ನಮ್ಮತ್ತೆ ಮನೆ ಕೇರೀಲಿ ಇಂಥದೇ ಒಂದು ತಿರುಪಿನ ಒರಳು ಇತ್ತು. ತಿರುಪಿನ ತುದೀಲಿ ಹಿತ್ತಾಳೆ ಗಿಳಿ, ಕೊಕ್ಕು ಮುರಿದಿತ್ತು. ಅದನ್ನ ನೆನಪು ಮಾಡ್ಕೊಂಡು ಮಾಡಿದ್ದು ನಾನು.”

ಜಟ್ಟಿಂಗಪ್ಪನ ಕಿವಿ ನೆಟ್ಟಗಾದವು. ಪೇಟೆಂಟಿಗೆ ಅರ್ಜಿ ಹಾಕುವ ಮೊದಲೇ ಅಂಥ ಒರಳು ಊರಿನಲ್ಲಿ ಓಡಾಡಿತ್ತೆಂದು ತೋರಿಸಿದರೆ ಮಾಸ್ತಪ್ಪನ ಪೇಟೆಂಟು ಆ ಕ್ಷಣವೇ ಬಿದ್ದುಹೋಗುತ್ತದೆ. ಆದರೆ ಎದುರು ಪಕ್ಷಕ್ಕೆ ಬರುವವರು ಬೆಂಗಳೂರಿನ ವಕೀಲರು, ಪೇಟೆಂಟು ಬಿಟ್ಟು ಬೇರೇನನ್ನೂ ಮುಟ್ಟದವರು ಎಂದೂ ಕನ್ನಪ್ಪ ಹೇಳಿದ.

ಬೆಳ್ಳಪ್ಪನಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಕ್ಕೀತೆ? “ಅಳಿಯಂದ್ರೇ, ಒಂದು ಮಾತು. ಇದು ಸೋತ್ರೆ ಬೋರ್ಡು ಇಳಿಸ್ಬೇಕು. ಮಿಲ್ಲಿಗೆ ಬಂದು ನಾಟಾ ಲೆಕ್ಕ ಬರೀಬೇಕು.”

“ಗೆದ್ರೆ?”

“ಗೆದ್ರೆ ನಾನೇ ಏಣಿ ಹತ್ತಿ ನಿಮ್ಮ ಬೋರ್ಡಿಗೆ ಹೊಸ ಬಣ್ಣ ಹೊಡೀತೀನಿ. ಸಾಗರದ ಪೇಟೆಯೆಲ್ಲ ನಿಂತು ನೋಡ್ಲಿ.”

“ಇಬ್ರೂ ಮಾತು ತಪ್ಪಂಗಿಲ್ಲ,” ಎಂದಳು ಪುಷ್ಪಮ್ಮ. ಯಾರ ಕಡೆ ನಿಂತು ಹೇಳಿದಳೋ ಅವಳಿಗೇ ಗೊತ್ತು.

ಜಟ್ಟಿಂಗಪ್ಪ ಒಪ್ಪಿಕೊಂಡುಬಿಟ್ಟ. ಮಾವ ಹೋದ ಮೇಲೆ ಮಿಲ್ಲು ನೆನಪಾಯಿತು. ಆ ಮಿಲ್ಲಿನಲ್ಲಿ ಒಂದು ದಿನ ಕೂತಿದ್ದಕ್ಕೇ ಮೂಗಿನ ತುಂಬ ಮರದ ಪುಡಿ ತುಂಬಿಕೊಂಡು ಬಂದವನು ಅವನು. ಅಲ್ಲಿ ಜೀವಮಾನ ಕೂತರೆ ಸೂಜಿಯ ಕಣ್ಣಿನ ಕನಸೂ ಪುಡಿಯಾಗಿ ಹೋಗುತ್ತಿತ್ತು.

ಮರುದಿನದಿಂದ ಗಿಳಿಯ ಬೇಟೆ ಶುರುವಾಯಿತು. ಕೋಣಂದೂರಿನ ಕೇರಿಯಲ್ಲಿ ಕೇಳಿದ ಮನೆಯಲ್ಲೆಲ್ಲ ಒರಳಿನ ನೆನಪಿತ್ತು, ಒರಳು ಮಾತ್ರ ಇರಲಿಲ್ಲ. ಅದು ಒಂದು ಮನೆಯ ಸೊತ್ತಾದರೂ ಇಡೀ ಕೇರಿಯದು. ಇವರ ಹಬ್ಬಕ್ಕೆ ಹೋಗಿ, ಅಲ್ಲಿಂದ ಅವರ ಮದುವೆಗೆ ಹೋಗಿ, ಒಡೆಯರ ಮನೆಗೆ ಮರಳುವುದರೊಳಗೆ ಇನ್ನೊಬ್ಬರು ಬಾಗಿಲಲ್ಲೇ ಹಿಡಿದು ಒಯ್ಯುತ್ತಿದ್ದರು. “ಈಗ ಎಲ್ಲೈತೋ ಮಾರಾಯ, ಆ ಮನೆ ಅಜ್ಜಿ ಸತ್ತ ಮೇಲೆ ಕಂಡಿಲ್ಲ,” ಎಂದು ಎಲ್ಲರದೂ ಒಂದೇ ರಾಗ. ಶ್ಯಾವಿಗೆ ವಿಚಾರ ಕೇಳಲು ಬಂದವನನ್ನು ಶ್ಯಾವಿಗೆ ತಿನ್ನಿಸದೆ ಕಳಿಸುವುದುಂಟೇ? ಒಂದು ಮನೆಯಲ್ಲಿ ಕಾಯಿಹಾಲು, ಮತ್ತೊಂದರಲ್ಲಿ ಎಳ್ಳಿನ ಹಾಲು, ಮಗದೊಂದರಲ್ಲಿ ನಿಂಬೆಹಣ್ಣು ಹಿಂಡಿ ಒಗ್ಗರಣೆ. ವಾರ ಕಳೆಯುವುದರೊಳಗೆ ಕರಿಕೋಟಿನ ಗುಂಡಿ ಹಾಕಲು ಬರದಂತಾಯಿತು. ಸಾಕ್ಷಿ ಹೇಳಲು ಶಿವಮೊಗ್ಗಕ್ಕೆ ಬನ್ನಿ ಎಂದರೆ ಮಾತ್ರ ಅಜ್ಜಿಯರೆಲ್ಲ ಒಲ್ಲೆವೆಂದು ಕೈ ಅಲ್ಲಾಡಿಸಿಬಿಟ್ಟರು. ಕೋರ್ಟಿನ ಮೆಟ್ಟಿಲು ಹತ್ತಿದವಳು ಎಂದು ಅನ್ನಿಸಿಕೊಳ್ಳಲು ಯಾರೂ ತಯಾರಿರಲಿಲ್ಲ.

ಹೀಗಿರುವಾಗ ಬೆಂಗಳೂರಿನ ವಕೀಲರು ಕೋರ್ಟಿನಲ್ಲಿ ಎದ್ದು, ಎರಡೂ ಒರಳುಗಳನ್ನು ಅಕ್ಕಪಕ್ಕ ಇಟ್ಟು ಒತ್ತಿಸಿ ನೋಡಲಿ, ಒಂದರ ನಕಲು ಇನ್ನೊಂದು ಎನ್ನುವುದು ಕುರುಡನಿಗೂ ಕಾಣುತ್ತದೆ ಎಂದರು. ನ್ಯಾಯಾಧೀಶರು ಶಿವಮೊಗ್ಗದ ಒಬ್ಬ ಹಿರಿಯ ವಕೀಲರನ್ನು ಕಮಿಷನರ್ ಆಗಿ ನೇಮಿಸಿ, ಸಾಗರದ ಮಾಸ್ತಪ್ಪನ ಮನೆಯಲ್ಲಿ ಪರೀಕ್ಷೆ ನಡೆಸಿ ವರದಿ ಕೊಡಿ, ಬೇಕಾದವರ ಹೇಳಿಕೆಯನ್ನೂ ತೆಗೆದುಕೊಳ್ಳಿ ಎಂದರು.

ಅವತ್ತು ಬೆಳಿಗ್ಗೆ ಮಾಸ್ತಪ್ಪನ ಜಗಲಿ ಮದುವೆ ಮನೆಯಾಗಿತ್ತು. ಮಾಸ್ತಪ್ಪನ ಹೆಂಡತಿ ಗುತ್ಯಮ್ಮ ಸಾರಿಸಿ ರಂಗೋಲಿ ಬಿಟ್ಟು, ಅಕ್ಕಿ ರುಬ್ಬಿ, ಉಂಡೆ ಬೇಯಿಸಿ, ಒಂದು ಪಾತ್ರೆ ಕಾಯಿಹಾಲು ಕಾಸಿಟ್ಟಿದ್ದಳು. ಅವಳ ಲೆಕ್ಕದಲ್ಲಿ ಕೇಸು ಗಂಡಸರದು, ಅವಳದೇನಿದ್ದರೂ ಮನೆಗೆ ಬಂದ ನೆಂಟರು. ಕಮಿಷನರು ಒಳ್ಳೆ ಮೈಕಟ್ಟಿನ ಮನುಷ್ಯ. ಬೆಳಗಿನ ಬಸ್ಸಿಗೆ ಏನೂ ತಿನ್ನದೆ ಹೊರಟಿದ್ದರಿಂದ ಅವರ ಕಣ್ಣು ಒರಳಿಗಿಂತ ಹೆಚ್ಚಾಗಿ ಉಂಡೆಯ ಪಾತ್ರೆಯ ಮೇಲಿತ್ತು.

ಆದರೆ ಉಂಡೆ ಒರಳಿಗೆ ಬೀಳಬೇಕಲ್ಲ! ಮೊದಲು ಯಾವ ಒರಳು ಎಂಬುದರ ಮೇಲೆ ಬೆಂಗಳೂರಿನವರು ಒಂದು ಭಾಷಣ ಮಾಡಿದರು. ವಾದಿಯ ಮನೆಯ ಹಿಟ್ಟು ನಿಷ್ಪಕ್ಷಪಾತ ಹಿಟ್ಟು ಹೇಗಾಗುತ್ತದೆ ಎಂದು ಜಟ್ಟಿಂಗಪ್ಪ ತಕರಾರು ತೆಗೆದ. ಹಿಡಿಕೆ ತಿರುಗಿಸುವವರು ಯಾರು, ಬಲಗೈಯಲ್ಲೋ ಎಡಗೈಯಲ್ಲೋ ಎಂದು ಮತ್ತೊಂದು ಸುತ್ತು. ಕಮಿಷನರು ಬರೆದುಕೊಂಡರು, ಬೆವರು ಒರೆಸಿಕೊಂಡರು, ಪಾತ್ರೆ ನೋಡಿದರು.

“ಉಂಡೆ ತಣೀತಾ ಇದೆ,” ಎಂದಳು ಗುತ್ಯಮ್ಮ ಬಾಗಿಲ ಸಂದಿಯಿಂದ. ಯಾರೂ ಕೇಳಿಸಿಕೊಳ್ಳಲಿಲ್ಲ. “ಬಿಸಿ ಇದ್ದಾಗ್ಲೇ ಒತ್ಬೇಕು!” ಎಂದಳು ಇನ್ನೂ ಗಟ್ಟಿಯಾಗಿ.

“ದಯವಿಟ್ಟು ಸ್ವಲ್ಪ ತಡೆಯಿರಿ, ಕಾನೂನಿನ ಪ್ರಶ್ನೆ ಇದೆ,” ಎಂದರು ಬೆಂಗಳೂರಿನವರು.

ಕಾನೂನಿನ ಪ್ರಶ್ನೆ ಮುಗಿಯುವಷ್ಟರಲ್ಲಿ ಉಂಡೆಗಳು ಕಲ್ಲಾಗಿದ್ದವು. ಮಾಸ್ತಪ್ಪ ತನ್ನ ಒರಳಿನ ಹಿಡಿಕೆ ತಿರುಗಿಸಿದ, ನುಚ್ಚುನುಚ್ಚಾಗಿ ಉದುರಿತು. ಕನ್ನಪ್ಪ ತನ್ನದನ್ನು ತಿರುಗಿಸಿದ, ಅಲ್ಲೂ ಅದೇ ನುಚ್ಚು. ಎರಡೂ ಒಂದೇ ರೀತಿ ಕೆಟ್ಟಿವೆ ಎಂದು ಬೆಂಗಳೂರಿನವರು ಖುಷಿಯಿಂದ ಬರೆಸಿದರು. ಜಟ್ಟಿಂಗಪ್ಪನಿಗೆ ಮಿಲ್ಲಿನ ಗರಗಸದ ಸದ್ದು ಕಿವಿಯಲ್ಲೇ ಕೇಳಿದಂತಾಯಿತು. ಮುಗೀತು, ನಾಳೆಯಿಂದ ನಾಟಾ ಲೆಕ್ಕ ಎಂದು ತಲೆ ಮೇಲೆ ಕೈ ಹೊತ್ತು ಕೂತ.

ಗುತ್ಯಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ. ಶಿವಮೊಗ್ಗದಿಂದ ಹಸಿದು ಬಂದ ನೆಂಟರ ಎಲೆಗೆ ನುಚ್ಚು ಬಡಿಸುವುದೇ? ನಾಳೆ ಕೆರೆಯ ಹತ್ತಿರ ಹೆಂಗಸರು ಏನಂದಾರು? ಅವಳು ದಡದಡ ಒಳಗೆ ಹೋದಳು. ಅಟ್ಟದ ಏಣಿ ಕಿರುಗುಟ್ಟಿತು. ಮಾಸ್ತಪ್ಪ ಬೆಚ್ಚಿ ಒಮ್ಮೆ ಮೇಲೆ ನೋಡಿದ, ಏಳಲು ಹೋದ. ಕಮಿಷನರು “ಕೂತ್ಕೊಳ್ಳಿ, ಸಹಿ ಬೇಕು” ಎಂದು ಹಿಡಿದು ಕೂರಿಸಿದರು.

ಗುತ್ಯಮ್ಮ ಹೊರಗೆ ಬಂದಾಗ ಅವಳ ಕಂಕುಳಲ್ಲಿ ಹೊಗೆ ಹಿಡಿದು ಕರ್ರಗಾದ ಒಂದು ಒರಳಿತ್ತು, ಇನ್ನೊಂದು ಕೈಯಲ್ಲಿ ಒಲೆಯಿಂದ ಆಗಷ್ಟೇ ಇಳಿಸಿದ ಎರಡನೇ ಸಲದ ಉಂಡೆಗಳು. ಎಲ್ಲರ ನಡುವೆ ಕುಕ್ಕಿ ಇಟ್ಟವಳೇ ಉಂಡೆ ತುರುಕಿ ತಿರುಪು ತಿರುಗಿಸಿದಳು. ಬೆಳ್ಳಗೆ, ಉದ್ದಕ್ಕೆ, ಕಡಿಯದೆ ಎಳೆ ಇಳಿದು ಎಲೆಯ ಮೇಲೆ ಸುರುಳಿಯಾಯಿತು. ತಿರುಪಿನ ತುದಿಯಲ್ಲಿ ಒಂದು ಹಿತ್ತಾಳೆ ಗಿಳಿ ಅವಳ ಕೈ ಜೊತೆ ಗಿರಗಿರ ಸುತ್ತುತ್ತಿತ್ತು. ಅದರ ಕೊಕ್ಕು ಮುರಿದಿತ್ತು.

ಜಟ್ಟಿಂಗಪ್ಪನಿಗೆ ಜಗಲಿಯೇ ಗಿರಗಿರ ಸುತ್ತಿತು. ಕೋಣಂದೂರಿನ ಕೇರಿ ಕೇರಿ ಅಲೆದು, ಹೊಟ್ಟೆ ಬೆಳೆಸಿಕೊಂಡು ಹುಡುಕಿದ ಗಿಳಿ ಎದುರಾಳಿಯ ಅಟ್ಟದಲ್ಲಿ ಗೂಡು ಕಟ್ಟಿತ್ತು! ಕೂಗಬೇಕೆನ್ನಿಸಿತು, ಕುಣಿಯಬೇಕೆನ್ನಿಸಿತು. ಕನ್ನಪ್ಪ ಬಾಯಿ ತೆರೆದದ್ದನ್ನು ಕಂಡು ಅವನ ಕಾಲು ತುಳಿದು, ತಾನೂ ತುಟಿ ಕಚ್ಚಿ ಕೂತ. ಅವನು ವಕೀಲನಾಗಿ ಮಾಡಿದ ಅತ್ಯಂತ ಜಾಣ ಕೆಲಸ ಆ ಸುಮ್ಮನಿರುವಿಕೆಯೇ.

ಕಮಿಷನರು ಕಾಯಿಹಾಲು ಸುರಿದುಕೊಂಡು ಎರಡು ತುತ್ತು ಇಳಿಸಿದ ಮೇಲೆ ಮುಖ ಅರಳಿತು. “ಆಹಾ! ತಾಯೀ, ಈ ಒರಳು ಎಲ್ಲಿದು?”

“ಆಕ್ಷೇಪಣೆ!” ಎಂದು ಬೆಂಗಳೂರಿನವರು ಎದ್ದು ನಿಂತರು. ಗಲ್ಲದಿಂದ ಒಂದು ಎಳೆ ನೇತಾಡುತ್ತಿತ್ತು.

“ಕೇಳಿದ್ದು ನಾನು, ಹೇಳೋದು ಅವರು. ನೀವು ಕೂತು ತಿನ್ನಿ,” ಎಂದರು ಕಮಿಷನರು, ಎಡಗೈಯಲ್ಲಿ ಪೆನ್ನು ಹುಡುಕುತ್ತ.

“ನನ್ನ ತವರಿಂದು, ಕೋಣಂದೂರಿಂದು,” ಎಂದಳು ಗುತ್ಯಮ್ಮ ಅಭಿಮಾನದಿಂದ. “ನಮ್ಮಜ್ಜಿ ಕಾಲದ್ದು. ಇಡೀ ಕೇರಿಗೆ ಇದೇ ಒರಳು, ಮದುವೆ ಅಂದ್ರೆ ಸುತ್ತಿನ ಊರಿಗೆಲ್ಲ ಹೋಗ್ತಿತ್ತು. ಅಜ್ಜಿ ಸಾಯೋ ಮುಂಚೆ ನಂಗೆ ಕೊಟ್ಲು. ಇವ್ರು ಇದನ್ನೇ ಬಿಚ್ಚಿ ಬಿಚ್ಚಿ ನೋಡಿ, ಆಮೇಲೆ ಕಬ್ಬಿಣದ್ದು ಮಾಡಿದ್ದು. ಇವ್ರದ್ದೂ ಚೆನ್ನಾಗೇ ಇದೆ. ನೀವು ಮಾತಾಡಿ ಮಾತಾಡಿ ಉಂಡೆ ತಣಿಸಿಬಿಟ್ರಿ.”

ಕಮಿಷನರು ಎಂಜಲು ಕೈ ಒರೆಸಿಕೊಂಡು ಅಷ್ಟನ್ನೂ ಬರೆದುಕೊಂಡರು. ಗುತ್ಯಮ್ಮ ಒಬ್ಬೊಬ್ಬರ ಮುಖ ನೋಡಿದಳು, ಕೊನೆಗೆ ಗಂಡನದು. ಅವಳ ಕೈ ಹಿಡಿಕೆಯ ಮೇಲೇ ನಿಂತಿತು. “ಯಾಕ್ರೀ, ನಾ ಎಂತ ತಪ್ಪು ಹೇಳ್ದೆ?” ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಮಾಸ್ತಪ್ಪ ಒರಳು ನೋಡಿದ, ಹೆಂಡತಿಯನ್ನು ನೋಡಿದ. ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ಜಟ್ಟಿಂಗಪ್ಪ ಹೆದರಿದ. ಅವನು ನಗುತ್ತಿದ್ದ.

“ನೀ ತಪ್ಪು ಹೇಳ್ಲಿಲ್ಲ ಮಾರಾಯ್ತಿ. ನಾನು ಒರಳಿನ ಕಾಲು ಬದಲಾಯಿಸ್ದೆ, ಕಬ್ಬಿಣ ಹಾಕ್ದೆ, ಅಷ್ಟಕ್ಕೇ ಪೂರಾ ನಂದೇ ಅಂದ್ಕೊಂಡುಬಿಟ್ಟೆ ನಾನು. ಬಡಿಸು, ಕೋರ್ಟು ಹಸ್ಕೊಂಡಿದೆ.”

ಆ ನಗು ಒಬ್ಬರಿಂದೊಬ್ಬರಿಗೆ ಹತ್ತಿ, ಕಮಿಷನರಿಗೆ ಶ್ಯಾವಿಗೆ ನೆತ್ತಿಗೇರಿ, ಬೆಂಗಳೂರಿನವರೇ ಅವರ ಬೆನ್ನು ತಟ್ಟಬೇಕಾಯಿತು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಗೆದ್ದ ಸಂತೋಷದಲ್ಲಿ ಜಟ್ಟಿಂಗಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೂ ಮಾಸ್ತಪ್ಪನ ಕಡೆ ನೋಡಿದಾಗ ಪಾಪ ಅನ್ನಿಸಿತು. ಸೂಜಿಯ ಕಣ್ಣಿನಂಥದೇ ಹುಚ್ಚು ಆ ಮನುಷ್ಯನಿಗೂ ಹಿಡಿದಿತ್ತು. ಅಷ್ಟೆಲ್ಲ ಆದ ಮೇಲೂ ಅವನು ಗಿಳಿಯ ಒರಳನ್ನು ಹತ್ತಿರ ಎಳೆದುಕೊಂಡು ತಿರುಪು ಹಿಂದೆ ಮುಂದೆ ಆಡಿಸುತ್ತಿದ್ದ.

“ಇದು ಹಿಂದಕ್ಕೆ ಜಾರ್ತದೆ ನೋಡಿ, ಅದಕ್ಕೇ ಒಂದು ಕೈಲಿ ಹಿಡ್ಕೊಂಡೇ ಇರ್ಬೇಕು. ಇಲ್ಲೊಂದು ಸಣ್ಣ...”

“ಮಾಸ್ತಪ್ಪಣ್ಣ!” ಜಟ್ಟಿಂಗಪ್ಪ ಎಂಜಲು ಕೈಯಲ್ಲೇ ಹಾರಿ ಅವನ ಬಾಯಿ ಮುಚ್ಚಿದ. “ದಮ್ಮಯ್ಯ, ಅದನ್ನ ಇಲ್ಲಿ ಯಾರ ಮುಂದೂ ಹೇಳ್ಬೇಡಿ!”

ಬೆಂಗಳೂರಿನವರು ಶ್ಯಾವಿಗೆಯಿಂದ ತಲೆಯೆತ್ತಿ ಜಟ್ಟಿಂಗಪ್ಪನನ್ನು ಬಹಳ ಹೊತ್ತು ನೋಡಿದರು. “ನೀವು ಈ ಕಸುಬಿನವರೇ ಕಣ್ರಿ,” ಎಂದರು.

ಗುತ್ಯಮ್ಮನ ಹೇಳಿಕೆ ಓದಿ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಆ ಭಾನುವಾರ ಬೆಳ್ಳಪ್ಪ ತೀರ್ಥಹಳ್ಳಿಯಿಂದ ಬಣ್ಣದ ಡಬ್ಬಿಯೊಂದಿಗೆ ಬಂದು, ಮುಖ ಊದಿಸಿಕೊಂಡು ಏಣಿ ಹತ್ತಿದ. ಸಾಗರದ ಪೇಟೆ ನಿಜಕ್ಕೂ ನಿಂತು ನೋಡಿತು. ಕೆಮ್ಮಿನವರೂ ಬಂದಿದ್ದರು. ಕೆಳಗೆ ನಿಂತ ಪುಷ್ಪಮ್ಮ ಅಕ್ಷರ ಸೊಟ್ಟಗಾದಾಗೆಲ್ಲ ಅಪ್ಪನಿಗೆ ಹೇಳಿ ತಿದ್ದಿಸಿದಳು.

ಆಗ ಮಾಸ್ತಪ್ಪ ಬಂದ. ಕಂಕುಳಲ್ಲಿ ಟವೆಲು ಸುತ್ತಿದ ಒಂದು ಗಂಟು. “ವಕೀಲ್ರು ಇದ್ದಾರಾ?” ಎಂದು ಮೇಲೆ ನೋಡಿ ಕೇಳಿ, ಮೆಟ್ಟಿಲ ಮೇಲೆ ಗಂಟು ಇಟ್ಟು ಟವೆಲಿನ ತುದಿಗೆ ಕೈ ಹಾಕಿದ.

“ಏಯ್ ಏಯ್ ಏಯ್! ಬಿಚ್ಬೇಡಿ ಮಾರಾಯ್ರೆ!” ಬೆಳ್ಳಪ್ಪ ಕೂಗಿದ ರಭಸಕ್ಕೆ ಏಣಿಯೇ ಅಲುಗಿತು. “ಪೇಟೆ ಮಂದಿ ಅಷ್ಟೂ ಇಲ್ಲೇ ನಿಂತಿದೆ, ಕಣ್ಣು ಕಾಣಲ್ವಾ ನಿಮ್ಗೆ? ಒಳಗೆ ಹೋಗಿ, ಬಾಗ್ಲು ಹಾಕ್ಕೊಂಡು ನಮ್ಮ ಅಳಿಯಂದ್ರೊಬ್ರಿಗೇ ತೋರ್ಸಿ!”

ಒಳಗೆ ಜಟ್ಟಿಂಗಪ್ಪ ಎದ್ದು ಕಿಟಕಿ ಮುಚ್ಚಿದ.