ಶುಕ್ರವಾರದ ಕಿಟಕಿ ಸೀಟು

"ತಡೀರಿ, ತಡೀರಿ! ಮುಚ್ಚಬೇಡಿ!"

ಬ್ಯಾಗನ್ನು ಮೆಟ್ಟಿಲ ಮೇಲೇ ಬಿಸಾಕಿ ತಮ್ಮ ಒಳಗೆ ನುಗ್ಗಿದ. ಪೆಟ್ಟಿಗೆಯ ಮುಚ್ಚಳ ಹಿಡಿದಿದ್ದ ಇಬ್ಬರು ಹಾಗೇ ನಿಂತರು. ಒಳಗೆ ಅಣ್ಣ. ಇಸ್ತ್ರಿ ಮಾಡಿದ ಆಫೀಸ್ ಅಂಗಿ, ಜೇಬಲ್ಲಿ ಪೆನ್ನು. ಮಧ್ಯಾಹ್ನದ ವಿರಾಮಕ್ಕೆ ಒಂದು ಚೂರು ಕಣ್ಣು ಮುಚ್ಚಿದವನಂತೆ ಮಲಗಿದ್ದ.

"ಬಂದ್ರಪ್ಪಾ ಡೈಲಾಗ್ ಸಾಹೇಬ್ರು," ಎಂದರು ಚಿಕ್ಕಮ್ಮ. "ಪಿಚ್ಚರ್ ಪೂರ್ತಿ ನಾಪತ್ತೆ, ಶುಭಂ ಬೀಳೋವಾಗ ಎಂಟ್ರಿ."

ಬೇರೆ ದಿನವಾಗಿದ್ದರೆ ಅವನ ಬಾಯಿಂದ ಪಟಕ್ಕನೆ ಎದುರು ಡೈಲಾಗ್ ಉದುರುತ್ತಿತ್ತು. ಇವತ್ತು ಅವನು ಅತ್ತಿಗೆಯ ಕಡೆ ತಿರುಗಿದ.

"ನಿನ್ನೆ ರಾತ್ರಿ ಊಟಕ್ಕೆ ಕೂತ್ರು," ಅತ್ತಿಗೆ ಗೋಡೆಗೆ ಹೇಳುವಂತೆ ಹೇಳಿದರು. "ಎದೆ ಹಿಡ್ಕೊಂಡ್ರು. ಅಷ್ಟೇ ಕಣೋ."

*

ಅಣ್ಣನದು ಟ್ರಾವೆಲ್ ಆಫೀಸಿನಲ್ಲಿ ವಿಚಾರಣೆ ಫೋನಿನ ಕೆಲಸ. ಯಾವ ಊರಿಂದ ಯಾವ ಊರಿಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು, ಎಲ್ಲ ನಾಲಿಗೆ ತುದಿಯಲ್ಲಿ. ಪ್ರತಿ ಶುಕ್ರವಾರ ಮೂರು ಗಂಟೆಗೆ ತಮ್ಮ ತನ್ನೂರಿಂದ ಫೋನ್ ಮಾಡುತ್ತಿದ್ದ. ಒಂದು ವಾರ ವಿಲನ್ ದನಿ, ಇನ್ನೊಂದು ವಾರ ಹಲ್ಲಿಲ್ಲದ ಮುದುಕಿಯ ದನಿ.

"ಏಯ್! ಇಲ್ಲಿಂದ ನಿಮ್ಮೂರಿಗೆ ಎಷ್ಟು ದೂರನಯ್ಯಾ?"

"ಐನೂರ ಎಂಬತ್ತು ಕಿಲೋಮೀಟರ್, ಸಾರ್. ವಿಮಾನದಲ್ಲಿ ಒಂದು ಗಂಟೆ ಹತ್ತು ನಿಮಿಷ. ಯಾವತ್ತು ಬರ್ತೀರಿ?"

"ಮುಂದಿನ ವಾರ!"

ನಾಲ್ಕು ವರ್ಷ ಮುಂದಿನ ವಾರವೇ ಆಯಿತು. ಜಗಳವಿಲ್ಲ, ಮುನಿಸಿಲ್ಲ. ಒಂದು ಗಂಟೆ ಹತ್ತು ನಿಮಿಷ ತಾನೇ, ಯಾವಾಗ ಬೇಕಾದರೂ ಎದ್ದು ಹೋದರಾಯಿತು ಎಂಬ ಸಸಾರ. ಸಮುದ್ರದಾಚೆ ಇದ್ದಿದ್ದರೆ ವರ್ಷಕ್ಕೊಮ್ಮೆಯಾದರೂ ಬರುತ್ತಿದ್ದನೇನೋ.

ಅಣ್ಣನಿಗೆ ದನಿ ಗುರುತು ಸಿಕ್ಕಿಲ್ಲವೆಂದು ಒಳಗೊಳಗೇ ಬೀಗುತ್ತಲೂ ಇದ್ದ. ನಿನ್ನೆ ಹುಮ್ಮಸ್ಸು ಹೆಚ್ಚಾಗಿ, "ನಾಳೆನೇ ಬರ್ತಿದೀನಿ ಕಣಯ್ಯಾ! ರತ್ನಗಂಬಳಿ ಹಾಸ್ಸು!" ಎಂದು ಅಬ್ಬರಿಸಿ ಫೋನಿಟ್ಟು, ಒಬ್ಬನೇ ಬಿದ್ದು ಬಿದ್ದು ನಕ್ಕಿದ್ದ.

*

ಮೂಲೆಯಲ್ಲಿ ಅಣ್ಣನ ಆಫೀಸಿನ ಗೆಳೆಯ ನಿಂತಿದ್ದ. ತಮ್ಮ ಅವನ ಕೈ ಹಿಡಿದ.

"ತುಂಬಾ ಉಪಕಾರ ಆಯ್ತು. ಎಲ್ಲಾ ಫ್ಲೈಟೂ ಫುಲ್ ಅಂತಿದ್ರು. ಹೆಂಗ್ ಕೊಡ್ಸಿದ್ರಿ ಸೀಟು?"

"ನಾನೆಲ್ಲಿ ಕೊಡ್ಸಿದೆ? ರಾತ್ರಿ ನಿಮಗೆ ಟಿಕೆಟ್ ಕಳಿಸಿದ್ದಷ್ಟೇ ನಾನು. ನಿಮ್ಮಣ್ಣ ತೆಗೆದಿಟ್ಟಿದ್ದು ಅದು." ಗೆಳೆಯ ಕನ್ನಡಕ ಒರೆಸಿಕೊಂಡ. "ಪ್ರತಿ ಶುಕ್ರವಾರ ನಿಮ್ಮ ಫೋನ್ ಬಂದ್ಮೇಲೆ ಶನಿವಾರ ಬೆಳಗಿನ ಕಿಟಕಿ ಸೀಟು ನಿಮ್ಮ ಹೆಸರಲ್ಲಿ ಹಿಡಿದಿಡೋನು. ಟಿಕೆಟ್ ಮಾಡ್ಸದಿದ್ರೆ ಅವತ್ತೇ ಸಂಜೆ ಆರು ಗಂಟೆಗೆ ಅದು ತಾನಾಗೇ ಬಿಟ್ಟೋಗುತ್ತೆ. ಆರರ ತನಕ ಸ್ಕ್ರೀನ್ ನೋಡ್ತಾ ಕೂರೋನು. 'ಹೋಯ್ತು' ಅನ್ನೋನು. ಬ್ಯಾಗ್ ತಗೊಂಡು ಮನೆಗೆ ಹೋಗೋನು."

"ಅಂದ್ರೆ... ನಾನೇ ಅಂತ ಗೊತ್ತಿತ್ತಾ?"

"ಮೊದಲ್ನೇ ಫೋನಿಂದ. ನಿನ್ನೆ ಟಿಕೆಟ್ ಮಾಡ್ಸೇಬಿಟ್ಟ. ತಮಾಷೆ ಮಾಡ್ತಿದಾನೆ ಕಣೋ ಅಂದೆ. 'ಇಲ್ಲ, ಈ ಸಲ ಬರ್ತಾನೆ' ಅಂದ. 'ಈಗ್ಲೇ ಹೇಳಿದ್ರೆ ನೆಪ ಹುಡುಕ್ತಾನೆ. ರಾತ್ರಿ ಊಟ ಆದ್ಮೇಲೆ ಫೋನ್ ಮಾಡಿ ಹೇಳ್ತೀನಿ' ಅಂದ."

ಮುಚ್ಚಳ ಹಿಡಿದವರಲ್ಲಿ ಒಬ್ಬ ಕೆಮ್ಮಿದ. "ಹೊತ್ತಾಯ್ತು."

ತಮ್ಮ ಪೆಟ್ಟಿಗೆಯ ಪಕ್ಕ ಮಂಡಿಯೂರಿದ. ವಿಲನ್ ದನಿ ತೆಗೆಯಲು ಹೋದ, ಬರಲಿಲ್ಲ. "ಬಂದೆ ಕಣೋ," ಎಂದ, ತನ್ನದೇ ದನಿಯಲ್ಲಿ.

ಜೇಬಿನಿಂದ ಬೋರ್ಡಿಂಗ್ ಚೀಟಿಯ ಹರಿದ ತುಂಡು ತೆಗೆದು ಅಣ್ಣನ ಜೇಬಿಗೆ ಪೆನ್ನಿನ ಪಕ್ಕ ಸಿಕ್ಕಿಸಿದ. ಅದು ತಿರುಗಿಕೊಂಡಿತು. ಮತ್ತೆ ಸರಿಮಾಡಿ, ತನ್ನ ಹೆಸರು ಹೊರಗೆ ಕಾಣುವಂತೆ ನೆಟ್ಟಗೆ ನಿಲ್ಲಿಸಿದ.